ಕೊಳಗದ ಪಕ್ಕದ ಚೀಟಿ

ಹಳೇ ಮೈಸೂರಿನ ಕಡೆಯ ಒಂದು ತಾಲ್ಲೂಕು ಪಟ್ಟಣ. ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಹಳೆಯ ಹೆಂಚಿನ ಮನೆಯೊಂದರಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಊರಿನ ಹೆಸರು ಬೇಡ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಿತ್ತು. ಜಗಲಿಯ ಮೇಲೆ ನೇಗಿಲು, ನೊಗ, ಕುಂಟೆ, ಕೂರಿಗೆ. ಒಳಗೆ ನಡುಮನೆಯಲ್ಲಿ ಒರಳು, ಒನಕೆ, ಬೀಸುವ ಕಲ್ಲು, ಮೊರ, ವಂದರಿ, ಕಡೆಗೋಲು. ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ. ಅದರ ಪಕ್ಕ ಒಂದು ಮೇಜು, ಮೇಜಿನ ಮೇಲೆ ಮರದಲ್ಲಿ ಕಡೆದು ಬಾಯಿಗೆ ಹಿತ್ತಾಳೆಯ ಪಟ್ಟಿ ಬಿಗಿದ ಒಂದು ಕೊಳಗ. ಕೊಳಗದ ಮುಂದೆ ಟೈಪು ಮಾಡಿದ ಚೀಟಿ: ‘ಕೊಳಗ. ಧಾನ್ಯ ಅಳೆಯುವ ಸಾಧನ.’

ನಾನು ಹೋದ ದಿನ ಶಾಲೆಯೊಂದರ ಮಕ್ಕಳು ಪ್ರವಾಸ ಬಂದಿದ್ದರು. ಮೇಷ್ಟ್ರು ಚೀಟಿ ಓದಿ ಹೇಳುತ್ತಿದ್ದರು, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹಿಂದೆಯೇ ಮೊಮ್ಮಗನ ಕೈ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ಕೊಳಗದ ಮುಂದೆ ನಿಂತರು. ಒಳಗೆ ಕೈಬಿಟ್ಟು ತಳ ಸವರಿದರು. “ಇದು ಈಸ್ಕೊಳೋ ಕೊಳ್ಗ ಕಣಪ್ಪ. ಕೊಡೋ ಕೊಳ್ಗ ಇದಲ್ಲ” ಎಂದರು, ಯಾರಿಗೆಂದು ಇಲ್ಲದೆ. ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿ “ಎರಡೆರಡು ಇರ್ತಿದ್ವಾ ಅಜ್ಜಿ?” ಎಂದ. “ಆ ಮನೇಲಿ ಎಲ್ಡಿದ್ದೊ. ರಾಶೀಲಿ ಪಾಲು ಈಸ್ಕೊಳಾಕೆ ದೊಡ್ದು, ಕೂಲಿ ಅಳೆಯಾಕೆ ಚಿಕ್ದು.” ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಯುವಕ, ಒರಟಾಗೇನೂ ಅಲ್ಲ, “ಅಜ್ಜಿ, ಮುಟ್ಟಬಾರ್ದು, ಬೋರ್ಡಿದೆ ನೋಡಿ” ಎಂದ. ಅಜ್ಜಿ ಕೈ ಹೊರಗೆ ತೆಗೆದು, “ಆಗ್ಲೂ ಮುಟ್ಬ್ಯಾಡ ಅಂತಿದ್ರು, ಈಗ್ಲೂ ಅದ್ನೇ ಬರ್ದವ್ರೆ” ಎಂದು ನಕ್ಕುಬಿಟ್ಟರು.

ಮೇಷ್ಟ್ರು ಮಕ್ಕಳನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. ನೋಟ್‌ಬುಕ್ಕುಗಳಲ್ಲಿ ‘ಧಾನ್ಯ ಅಳೆಯುವ ಸಾಧನ’ ಎಂದಷ್ಟೇ ಉಳಿಯಿತು.

ಇಂಥ ಕಡೆ ವಸ್ತುವಿಗಿಂತ ಚೀಟಿಯೇ ದೊಡ್ಡದು ಎಂದು ನನಗೆ ಮನವರಿಕೆಯಾದದ್ದು ಅಂದು. ವಸ್ತು ತಾನಾಗಿ ಏನೂ ಹೇಳುವುದಿಲ್ಲ. ಬಳಸಿದವರು ಬದುಕಿರುವ ತನಕ ಅದಕ್ಕೆ ಬಾಯಿ ಇರುತ್ತದೆ. ಆಮೇಲೆ ನಾವು ಬರೆದಿಟ್ಟಷ್ಟೇ ಅದರ ಮಾತು. ನಮ್ಮ ಸಣ್ಣ ಊರುಗಳ ಸಂಗ್ರಹಾಲಯಗಳಲ್ಲಿ ವಸ್ತುಗಳಿಗೆ ಬರವಿಲ್ಲ. ಬರವಿರುವುದು ಆ ಎರಡು ಸಾಲಿನ ಚೀಟಿಗೆ, ಅದನ್ನು ಬರೆಯುವ ಧೈರ್ಯಕ್ಕೆ.

ಕೊಳಗವನ್ನೇ ನೋಡಿ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಇಲ್ಲಿಯವರೆಗೆ ಹಳೇ ಮೈಸೂರಿನಲ್ಲಿ ಹೆಚ್ಚು ತಕರಾರಿಲ್ಲ. ಎಷ್ಟು ಸೇರಿಗೆ ಒಂದು ಕೊಳಗ ಎಂದು ಕೇಳಿದರೆ ಮಾತ್ರ ಸೀಮೆಗೊಂದು ಉತ್ತರ: ಎಂಟು ಸೇರಿನದೂ ಉಂಟು, ಹದಿನಾರು ಸೇರಿನದೂ ಉಂಟು. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ನೆಲವನ್ನು ಅಳೆಯುತ್ತಿದ್ದುದೂ ಇದರಲ್ಲೇ. ಎರಡು ಖಂಡುಗದ ಗದ್ದೆ ಎಂದರೆ ಅಷ್ಟು ಬಿತ್ತನೆ ಬೀಜ ಹಿಡಿಯುವ ಗದ್ದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. ಲಾಭ ಯಾರಿಗೆ ಎಂದು ಕಣದಲ್ಲಿ ನಿಂತ ಆಳು ಕೇಳುವಂತಿರಲಿಲ್ಲ. ಅಳತೆಯ ಮೋಸಕ್ಕೆ ಎರಡು ಕೊಳಗವೇ ಬೇಕೆಂದೂ ಇಲ್ಲ. ತೆಗೆದುಕೊಳ್ಳುವಾಗ ಗೋಪುರ ಏರುವಷ್ಟು ತುಂಬಿ, ಕೊಡುವಾಗ ಅಂಗೈಯಲ್ಲಿ ಬಾಯಿ ಸಮ ಒರೆದರೂ ಸಾಕು, ಲೆಕ್ಕದಲ್ಲಿ ಎರಡೂ ಒಂದೊಂದು ಕೊಳಗವೇ. 1956ರಲ್ಲಿ ತೂಕ ಮತ್ತು ಅಳತೆಯ ಕಾಯಿದೆ ಬಂತು. 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ಕೊಳಗ ಅಟ್ಟ ಸೇರಿತು. ಶಾಲೆಯಲ್ಲಿ ನಾವು ಇದನ್ನು ದಶಮಾಂಶದ ಅನುಕೂಲವೆಂದು ಓದಿದೆವು. ದಿನಗೂಲಿಯವಳಿಗೆ ಅದರಲ್ಲಿ ಬೇರೆಯೇ ಅನುಕೂಲವಿತ್ತು: ಕಿಲೋ ಎಂಬುದು ಯಾರ ಮನೆಯದೂ ಅಲ್ಲ.

ಇಷ್ಟನ್ನೂ ಚೀಟಿಯಲ್ಲಿ ಬರೆಯಲಾಗದು, ನಿಜ. ‘ಈ ಮನೆಯಲ್ಲಿ ಇಂಥವು ಎರಡಿದ್ದವು’ ಎಂದು ಬರೆಯಲು ಒಂದು ಸಾಲು ಸಾಕು.

ಈ ಬಗೆಯ ಸಂಗ್ರಹಾಲಯಗಳು ಹುಟ್ಟುವುದೇ ಒಂದು ಬದುಕು ಕೈಬಿಟ್ಟು ಹೋಗುತ್ತಿರುವಾಗ. ಸ್ವೀಡನ್ನಿನಲ್ಲಿ ರೈಲು ಮತ್ತು ಕಾರ್ಖಾನೆಗಳು ಹಳ್ಳಿಯ ಬಾಳನ್ನು ಬದಲಾಯಿಸುತ್ತಿದ್ದುದನ್ನು ಕಂಡ ಆರ್ಥರ್ ಹಾಜೆಲಿಯಸ್, ರೈತರ ಹಳೆಯ ಮನೆಗಳನ್ನೇ ಬಿಚ್ಚಿಸಿ ತಂದು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಕಟ್ಟಿದ. ಜಗತ್ತಿನ ಬಯಲು ಸಂಗ್ರಹಾಲಯಗಳಿಗೆಲ್ಲ ಅದೇ ಮೇಲ್ಪಂಕ್ತಿ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಈಗ ಅದಿರುವುದು ಜಯಲಕ್ಷ್ಮೀ ವಿಲಾಸದಲ್ಲಿ. ರಾಜಕುಮಾರಿಗೆಂದು ಕಟ್ಟಿಸಿದ ಆ ಮಹಲಿನೊಳಗೆ ಈಗ ಮಡಕೆ, ಮೊರ, ಬುಟ್ಟಿಗಳಿರುವುದನ್ನು ಕಂಡಾಗಲೆಲ್ಲ ನನಗೆ ಸಣ್ಣ ಖುಷಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು.

ರಾಮನಗರದ ಹೊರಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕ 15 ಎಕರೆಯಲ್ಲಿರುವ ಜಾನಪದ ಲೋಕದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಗಮಂಗಲ ಸೀಮೆಯಿಂದ ಬಂದು ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು, 1994ರಲ್ಲಿ ಜಾನಪದ ಲೋಕವನ್ನು ತೆರೆದರು. ಲೋಕಮಾತಾ ಮಂದಿರದಲ್ಲಿ ಹೆಂಗಸರ ಕೈಯಲ್ಲಿ ಸವೆದ ಮನೆಬಳಕೆಯ ಸಾಮಾನು, ಲೋಕಮಹಲಿನಲ್ಲಿ ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ, ಸೋಮನ ಮುಖವಾಡ. ಹೊರಗೆ ಬಯಲಿನಲ್ಲಿ ಆಯಗಾರರ ಮಾಳ, ಶಿಲ್ಪಮಾಳ. ಹಿತ್ತಾಳೆ ಪಾತ್ರೆಯನ್ನು ತೂಕಕ್ಕೆ ಹಾಕಿ ಸ್ಟೀಲು ತರುತ್ತಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಇಷ್ಟನ್ನು ಉಳಿಸಿದ್ದು ಸಾಮಾನ್ಯ ಸಂಗತಿಯಲ್ಲ. ಅವರು ಸಂಗ್ರಹಿಸಿದ ಹಾಡುಗಳ ಪುಸ್ತಕವೊಂದರ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಹಾಡಿದವಳ ಹೆಸರನ್ನು ಪುಸ್ತಕದ ನೆತ್ತಿಯ ಮೇಲೆಯೇ ಇಟ್ಟರು. ನಾನು ಚೀಟಿ ಎನ್ನುವುದು ಇದನ್ನೇ. ಹಾಡಿಗೆ ಸಿಕ್ಕ ಈ ಮರ್ಯಾದೆ ಒರಳಿಗೂ ಕೂರಿಗೆಗೂ ಏಕೆ ಸಿಗಬಾರದು?

ಶಿಲ್ಪಮಾಳದಂಥ ಕಡೆ ವೀರಗಲ್ಲುಗಳ ನಡುವೆ ಓಡಾಡುವಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ವೀರಗಲ್ಲು ಎಂದರೆ ನಮ್ಮ ಪೂರ್ವಿಕರು ಬರೆದಿಟ್ಟ ಚೀಟಿಯೇ ಅಲ್ಲವೆ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಬರಹವಿರುವ ಕಲ್ಲಾದರೆ ಯಾರ ಆಳ್ವಿಕೆಯಲ್ಲಿ, ಯಾವ ಊರ ತುರುಗಳನ್ನು ಬಿಡಿಸಲು ಹೋಗಿ, ಯಾರ ಮಗ ಸತ್ತ, ಕಲ್ಲು ನಿಲ್ಲಿಸಿದವರಾರು ಎಲ್ಲವೂ ಇರುತ್ತದೆ. ಸಾವಿರ ವರ್ಷದ ಹಿಂದೆ ಒಂದು ಸಣ್ಣ ಹಳ್ಳಿ ಇಷ್ಟು ಕರಾರುವಾಕ್ಕಾಗಿ ಬರೆಸಿತು. ಮಾಸ್ತಿಗಲ್ಲಿನಲ್ಲಿ ಹೆಂಗಸಿನ ಗುರುತು ಬಳೆ ತೊಟ್ಟು ಮಡಿಚಿದ ಒಂದು ಕೈ. ಅವಳು ದಾಖಲೆಗೆ ಬಂದದ್ದು ಗಂಡನ ಹಿಂದೆ ಸತ್ತದ್ದಕ್ಕೆ. ಬದುಕಿರುವಷ್ಟು ಕಾಲ ಕೋಳಿ ಕೂಗುವ ಮುಂಚೆ ಎದ್ದು ರಾಗಿ ಬೀಸಿದ್ದಕ್ಕೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಅದಕ್ಕೊಂದು ಕಲ್ಲು ಇದ್ದೇ ಇತ್ತು, ಬೀಸುವ ಕಲ್ಲು. ಅದರ ಮೇಲೆ ಹೆಸರಿಲ್ಲ ಅಷ್ಟೆ.

ಆಯಗಾರರ ಮಾತಿಗೆ ಬರೋಣ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಬಡಗಿ, ಕಮ್ಮಾರ, ಅಕ್ಕಸಾಲಿ, ಕುಂಬಾರ, ಅಗಸ, ನಾಯಿಂದ: ಹಳೇ ಮೈಸೂರಿನ ಊರಿಗೆ ಹನ್ನೆರಡು ಮಂದಿ. ಪಟ್ಟಿ ಸೀಮೆಯಿಂದ ಸೀಮೆಗೆ ಒಂದಿಷ್ಟು ಬದಲಾಗುತ್ತದೆ. ವರ್ಷವಿಡೀ ಊರಿಗೆ ದುಡಿಯುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಪಡೆಯುವುದು. ಇದನ್ನು ಪರಸ್ಪರ ಸಹಕಾರದ ಹಳ್ಳಿ, ದುಡ್ಡಿಲ್ಲದೆ ನಡೆದ ಸುಂದರ ವ್ಯವಸ್ಥೆ ಎಂದು ಬಣ್ಣಿಸುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅದರಲ್ಲಿ ಸುಳ್ಳಿಲ್ಲ, ಅರ್ಧವಿದೆ. ಕುಂಬಾರನ ಮಗ ಕುಂಬಾರನೇ ಆಗಬೇಕಿತ್ತು. ಪಟೇಲನೂ ಆಯಗಾರ, ತೋಟಿಯೂ ಆಯಗಾರ. ಒಬ್ಬ ಜಗಲಿಯ ಮೇಲೆ, ಒಬ್ಬ ಜಗಲಿಯ ಕೆಳಗೆ. ಮಳೆ ಹೋದ ವರ್ಷ ಯಾರ ಆಯ ಮೊದಲು ಕಡಿಮೆಯಾಗುತ್ತಿತ್ತು ಎಂಬುದನ್ನು ಊಹಿಸಲು ಸಂಶೋಧನೆ ಬೇಕಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯವಾಗಿ ಬಂದ ಊರ ಹುದ್ದೆಗಳಿಗೆ ಕೊನೆ ಹಾಡಿತು. ತಿಗರಿ, ತಿದಿ, ಬಾಚಿ, ಉಳಿಗಳನ್ನು ಸಾಲಾಗಿ ಜೋಡಿಸಿಡುವ ಯಾವ ಸಂಗ್ರಹಾಲಯವೇ ಆಗಲಿ, ಆ ಇಸವಿಯನ್ನು ಒಂದು ಕಡೆ ಬರೆಯದಿದ್ದರೆ ನೋಡುವ ಹುಡುಗ ತಿಳಿದುಕೊಳ್ಳುವುದೇನು? ಯಂತ್ರ ಬಂತು, ಕುಲಕಸುಬು ಹೋಯಿತು, ಅಯ್ಯೋ ಪಾಪ ಎಂದು. ಕಸುಬು ಬಿಟ್ಟವರಲ್ಲಿ ಬಿಡಲೇಬೇಕೆಂದು ಬಿಟ್ಟವರೂ ಇದ್ದರು. ಮಗನ ಕೈಗೆ ಬಾಚಿ ಕೊಡದೆ ಬಳಪ ಕೊಟ್ಟ ಅಪ್ಪಂದಿರ ಮಾತು ಯಾವ ಚೀಟಿಯಲ್ಲಿದೆ?

ಈ ರೋಗ ನಮ್ಮದೊಂದೇ ಅಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಮಿಂಡೆನ್ ಎಂಬ ಊರಿದೆ, ನಮ್ಮ ಹೋಬಳಿ ಕೇಂದ್ರದಷ್ಟು ದೊಡ್ಡದು. ಅಲ್ಲಿ ಹೆರಾಲ್ಡ್ ವಾರ್ಪ್ ಎಂಬಾತ 1953ರಲ್ಲಿ ‘ಪಯನಿಯರ್ ವಿಲೇಜ್’ ತೆರೆದ. ಹುಲ್ಲುಗಾವಲಿನ ಮಣ್ಣನ್ನು ಬೇರುಸಹಿತ ಇಟ್ಟಿಗೆಯಂತೆ ಕತ್ತರಿಸಿ ಕಟ್ಟಿದ ಮನೆಯಲ್ಲಿ ಹುಟ್ಟಿದವನು. ಕೋಳಿಗೂಡಿನ ಕಿಟಕಿಗೆ ಗಾಜಿನ ಬದಲು ಹಾಕುವ ಪ್ಲಾಸ್ಟಿಕ್ ಹಾಳೆ ತಯಾರಿಸಿ ಶಿಕಾಗೋದಲ್ಲಿ ಹಣ ಮಾಡಿದ. ತಾನು ಓದಿದ ಒಂದೇ ಕೋಣೆಯ ಶಾಲೆ ಮಾರಾಟಕ್ಕೆ ಬಂದಾಗ ಕೊಂಡುಕೊಂಡ. ಅಲ್ಲಿಂದ ಶುರುವಾದ ಸಂಗ್ರಹ 50,000 ವಸ್ತುಗಳಿಗೆ ಹೋಯಿತು. ದೀಪ, ನೇಗಿಲು, ಒಲೆ, ಕಾರು ಎಲ್ಲವೂ ಕಾಲಾನುಕ್ರಮದಲ್ಲಿ, ಮನುಷ್ಯ ಹೇಗೆ ಮುಂದೆ ಬಂದ ಎಂದು ತೋರಿಸುವುದಕ್ಕೆ.

‘ಪಯನಿಯರ್’ ಎಂಬ ಆ ಒಂದು ಪದವೇ ಅಲ್ಲಿನ ದೊಡ್ಡ ಚೀಟಿ. ಮೊದಲು ಬಂದವರು, ದಾರಿ ಮಾಡಿದವರು ಎಂದರ್ಥ. 1862ರ ಹೋಂಸ್ಟೆಡ್ ಕಾಯಿದೆಯಂತೆ ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ. ಆ ನೆಲ ಖಾಲಿ ಇತ್ತೆ? ಪ್ಲಾಟ್ ನದಿಯ ದಕ್ಷಿಣದ ಸೀಮೆಯನ್ನು ಪಾನೀ ಜನ 1833ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು; ಉಳಿದ ತುಂಡನ್ನೂ ಕಳೆದುಕೊಂಡು 1870ರ ದಶಕದಲ್ಲಿ ಇಂದಿನ ಒಕ್ಲಹೋಮಾಕ್ಕೆ ಹೋದರು. ‘ಮೊದಲಿಗರು’ ಎಂದ ಕೂಡಲೇ ಅವರಿಗಿಂತ ಮೊದಲಿದ್ದವರು ಕಥೆಯಿಂದಾಚೆ ಉಳಿದುಬಿಡುತ್ತಾರೆ. ಮಣ್ಣಿನ ಮನೆಯಲ್ಲಿ ಚಳಿಗೆ ನಡುಗುತ್ತ ಮಕ್ಕಳನ್ನು ಸಾಕಿದ ಆ ಹೆಣ್ಣುಮಕ್ಕಳ ಕಷ್ಟ ನಿಜ, ಪಾನೀ ಜನರ ವಲಸೆಯೂ ನಿಜ. ಎರಡನ್ನೂ ಹೇಳಿದರೆ ಯಾವುದೂ ಚಿಕ್ಕದಾಗುವುದಿಲ್ಲ.

ನಮ್ಮಲ್ಲೂ ಕಾಡು ಕಡಿದು ಊರು ಕಟ್ಟಿದರು ಎಂಬ ಮಾತು ಸಲೀಸಾಗಿ ಬರುತ್ತದೆ. ಕೆರೆ ಕಟ್ಟಿಸಿದವನಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಗದ್ದೆ ಬಿಟ್ಟ ಶಾಸನಗಳು ಬೇಕಾದಷ್ಟಿವೆ. ಕೆರೆ ಕಟ್ಟಿಸಿದವನಿಗೆ, ಗಮನಿಸಿ. ಮಣ್ಣು ಹೊತ್ತ ಒಡ್ಡರ ತಲೆಮಾರುಗಳಿಗೆ ಶಾಸನವಿಲ್ಲ. ಕನ್ನಡದಲ್ಲಿ ‘ಕಟ್ಟಿದವ’, ‘ಕಟ್ಟಿಸಿದವ’ ಎಂಬುದರ ನಡುವೆ ಇರುವುದು ಒಂದೇ ಅಕ್ಷರ.

ಚೀಟಿಯಲ್ಲಿ ಇದನ್ನೆಲ್ಲ ಬರೆಯಬೇಕೆಂಬುದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಸಂಗ್ರಹಾಲಯ ನಡೆಸುವ ಗೆಳೆಯರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು: “ಭಾನುವಾರ ಮಕ್ಕಳನ್ನ ಕರ್ಕೊಂಡು ಬರೋರಿಗೆ ಒಂದೆರಡು ಗಂಟೆ ಖುಷಿ ಬೇಕು. ಮಡಕೆ ಮಡಕೆಗೂ ಜಾತಿ ಬರೆದು ಕೂರಿಸಬೇಕಾ? ಆ ಕೊಳಗ ಕೊಟ್ಟ ಮನೆಯವರು ನಾಳೆ ಬಂದು ವಾಪಸ್ ಕೇಳಿದ್ರೆ?” ಕೊನೆಯ ಮಾತು ನಿಜವಾದ ಭಯ. ಸಣ್ಣ ಸಂಗ್ರಹಾಲಯ ನಡೆಯುವುದು ದಾನದಿಂದ, ದಾನಿಗಳಿಗೆ ಮಾನದ ಚಿಂತೆ. ಜೊತೆಗೆ ಅರ್ಧಕ್ಕರ್ಧ ವಸ್ತುಗಳು ಬರುವುದು ಗುಜರಿ ಅಂಗಡಿಯಿಂದ. ಯಾರ ಮನೆಯದು, ಯಾರು ಬಳಸಿದ್ದು ಎಂಬ ಸುಳಿವೇ ಇರುವುದಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾಗದು. ಒಪ್ಪುತ್ತೇನೆ.

ಖುಷಿಯ ಮಾತನ್ನು ಮಾತ್ರ ಒಪ್ಪಲಾರೆ. ಅಂದು ಆ ನಡುಮನೆಯಲ್ಲಿ ಮಕ್ಕಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ್ದು ಒಂದೇ ಸಲ, ಅಜ್ಜಿ ಬಾಯಿ ಬಿಟ್ಟಾಗ. ಜನರಿಗೆ ಬೇಕಾದದ್ದು ಕಥೆ. ಕಥೆಯಲ್ಲಿ ನೋವಿದ್ದರೆ ಅವರೇನೂ ಎದ್ದು ಹೋಗುವುದಿಲ್ಲ. ನಮ್ಮ ಜನಪದ ಕಾವ್ಯಗಳಲ್ಲಿ ಸುಖಾಂತವಾದವು ಎಷ್ಟಿವೆ? ಕೆರೆಗೆ ಸೊಸೆಯನ್ನು ಆಹುತಿ ಕೊಟ್ಟ ಹಾಡನ್ನು ತಲೆಮಾರುಗಟ್ಟಲೆ ಹಾಡಿಕೊಂಡು ಬಂದವರು ಎರಡು ಕೊಳಗದ ಸುದ್ದಿಗೆ ಮುನಿಸಿಕೊಂಡಾರೆಯೆ? ಇನ್ನು ಚೆಲುವು. ಆ ಕೊಳಗದ ಕಡೆತ, ಹಿತ್ತಾಳೆ ಪಟ್ಟಿಯನ್ನು ಮರಕ್ಕೆ ಕೂರಿಸಿದ ನಾಜೂಕು, ನೋಡಿದಷ್ಟೂ ನೋಡಬೇಕೆನಿಸುತ್ತದೆ. ಅದನ್ನು ಕಡೆದವನು ಬಡಗಿ, ಪಟ್ಟಿ ಹೊಡೆದವನು ಇನ್ನೊಬ್ಬ. ಅಳತೆಯ ಮೋಸ ಅವರದಲ್ಲ. ಯಾರ ಕೈಯ ಚೆಲುವು, ಯಾರ ಕೈಯ ಮೋಸ ಎಂದು ಬಿಡಿಸಿ ಹೇಳಿದರೆ ಬಡಗಿಗೂ ನ್ಯಾಯ ಸಿಗುತ್ತದೆ.

ಖರ್ಚೂ ಹೆಚ್ಚಿಲ್ಲ. ಊರಿನಲ್ಲಿ ಎಂಬತ್ತು ದಾಟಿದವರನ್ನು ತಿಂಗಳಿಗೊಮ್ಮೆ ಕರೆಯಿಸಿ, ಕಾಫಿ ಕೊಟ್ಟು, ವಸ್ತುಗಳ ಮುಂದೆ ನಿಲ್ಲಿಸಿ, ಅವರಾಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮುಟ್ಟಲು ಬಿಡಬೇಕು, ಅದೊಂದು ಷರತ್ತು. ಕೈಗೆ ಸಿಕ್ಕಿದರೇ ನೆನಪು ಬರುವುದು.

ಇದು ತುರ್ತಾಗಿ ಆಗಬೇಕಾದ ಒಂದು ಜಾಗ ನನ್ನ ಕಣ್ಣ ಮುಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು ಕಡೆಗೆ ಕರಾವಳಿ ಆಂಧ್ರದಿಂದ ರೈತ ಕುಟುಂಬಗಳು ಬಂದು ನೆಲೆಸಿದವು. ಕರಿ ನೆಲದಲ್ಲಿ ಭತ್ತದ ಗದ್ದೆ ಕಟ್ಟಿದರು. ಅವರ ಊರುಗಳ ಹೆಸರಿನ ಕೊನೆಗೆ ಇವತ್ತಿಗೂ ‘ಕ್ಯಾಂಪ್’ ಎಂದಿದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳೂ ಸಿಂಧನೂರಿನ ಬಳಿಯೇ ಇವೆ. ‘ಪಯನಿಯರ್’ ಎಂಬ ಪದಕ್ಕೆ ನಮ್ಮಲ್ಲಿ ಹತ್ತಿರದವರು ಯಾರಾದರೂ ಇದ್ದರೆ ಇವರೇ. ಅವರಿಗೆ ಹೊಲ ಮಾರಿ, ಮುಂದೆ ಅದೇ ಹೊಲಕ್ಕೆ ನಾಟಿ ಮಾಡಲು ಕೂಲಿಗೆ ಹೋದ ಊರವರೂ ಇದ್ದಾರೆ. ಬಂದವರ ಮೊದಲ ಗುಡಿಸಲು, ಮೊದಲ ಬಿತ್ತನೆ, ಭಾಷೆ ಬಾರದೆ ಪಟ್ಟ ಪಾಡು. ಮಾರಿದವರ ಸಾಲ, ಜೋಳದ ಬಾನಕ್ಕೆ ಒಗ್ಗಿದ ನಾಲಗೆಗೆ ಅನ್ನ ರೂಢಿಯಾದ ಬಗೆ. ಎರಡೂ ಕಡೆಯ ಹಿರಿಯರಲ್ಲಿ ಕೆಲವರು ಇನ್ನೂ ಇದ್ದಾರೆ. ಅಲ್ಲೊಂದು ಸಂಗ್ರಹಾಲಯ ಎದ್ದರೆ ಒಂದೇ ಸೂರಿನಡಿ ಎರಡು ಚೀಟಿ ಬರೆಯಬಹುದು. ಹತ್ತು ವರ್ಷ ತಡೆದರೆ ಕೂರಿಗೆ ಸಿಕ್ಕೀತು, ಹೇಳುವವರು ಸಿಗಲಾರರು.

ಆ ಪಟ್ಟಣದಿಂದ ಊರಿಗೆ ಹೋದವನು ಅಟ್ಟ ಹತ್ತಿದೆ. ನಮ್ಮ ಮನೆಯಲ್ಲೂ ಎರಡು ಕೊಳಗಗಳಿದ್ದವು. ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೆ, ಎರಡು ಏಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೆಳಗಿಳಿಸಿ, ಧೂಳು ಒರೆಸಿ, ಪಡಸಾಲೆಯಲ್ಲಿ ಇಟ್ಟುಕೊಂಡು ಕೂತೆ.

“ಎರಡು ಯಾಕೆ ದೊಡ್ಡಪ್ಪ?” ಎಂದೆ.

“ಹಳೇದು ಸವೆದಿತ್ತು. ಇನ್ನೊಂದು ಮಾಡಿಸಿದ್ರು.”

“ಕೂಲಿ ಯಾವುದ್ರಲ್ಲಿ ಅಳೀತಿದ್ರಿ?”

ದೊಡ್ಡಪ್ಪ ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. “ರಾಗಿ ಚೆಲ್ಲೀಯ, ಕೆಳಗೆ ಗೋಣಿತಾಟು ಹಾಸ್ಕೊ” ಎಂದರು.

ಗೋಣಿತಾಟು ಹಾಸಿಕೊಂಡೆ. ಒಂದು ಕೊಳಗಕ್ಕೆ ರಾಗಿ ತುಂಬಿ, ಅಂಗೈಯಲ್ಲಿ ಬಾಯಿ ಸಮ ಒರೆದು, ಅದನ್ನು ಇನ್ನೊಂದಕ್ಕೆ ಸುರಿಯತೊಡಗಿದೆ. ಅದು ತುಂಬಿದ ಮೇಲೂ ಮೊದಲನೆಯದರ ತಳದಲ್ಲಿ ರಾಗಿ ಇತ್ತು. ಅಡುಗೆಮನೆಯಿಂದ ಪಾವು ತಂದು ಅಳೆದೆ. ಮೂರು ಪಾವು ಉಳಿದಿತ್ತು.